ಗಾಜಿನ ಡಾಕ್ಟರಮ್ಮನ ಹೆಸರಿಲ್ಲದ ರೋಗಿಗಳು

ಜುಲೈ ತಿಂಗಳು. ಜೋಳದ ಕೊಯ್ಲು ಮುಗಿದು, ಗುಡ್ಡದ ಮೇಲಿಂದ ಒಣಗಾಳಿ ಇಳಿಯುವ ಕಾಲ. ಬೆಳಿಗ್ಗೆ ಏಳರ ಇಗರ್ಜಿ ಗಂಟೆ ಇನ್ನೂ ಹೊಡೆದು ಮುಗಿದಿರಲಿಲ್ಲ. ನಮ್ಮ ಊರು ಸಾನ್ ಇಲಾರಿಯೊದ ಆಸ್ಪತ್ರೆಯ ಗ್ರಂಥಾಲಯದಲ್ಲಿ ಗ್ರಂಥಪಾಲಕ ಅನಿಸೆತೊ ಗುವಮಾನ್ ಒಂದು ದಪ್ಪ ಕಾಗದ ಹುಡುಕುತ್ತಿದ್ದ. ಕಿಟಕಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು, ಸಂದಿಗೆ ಏನಾದರೂ ಮಡಚಿ ಸಿಕ್ಕಿಸಬೇಕಿತ್ತು.

ಮೇಜಿನ ಖಾನೆಯಲ್ಲಿ ಸರ್ಕಾರದ ಕಂದು ಲಕೋಟೆಗಳು ಒಂದರ ಮೇಲೊಂದು ಮಲಗಿದ್ದವು. ಅವನ್ನು ಒಡೆಯುವ ಅಭ್ಯಾಸ ಅನಿಸೆತೊಗೆ ಇರಲಿಲ್ಲ. ಮೊದಮೊದಲು ಒಡೆದಿದ್ದ. ಎಲ್ಲದರಲ್ಲೂ ಬೆಂಕಿ ಆರಿಸುವ ಮರಳಿನ ಬಕೆಟ್ಟು ಬಾಗಿಲಿನ ಎಡಕ್ಕಿರಬೇಕೋ ಬಲಕ್ಕೋ ಎಂಬ ವಿಷಯವೇ ಇರುತ್ತಿತ್ತು. ಮೇಲಿನ ಲಕೋಟೆ ತೆಗೆದು ಎರಡು ಮಡಿಕೆ ಮಾಡಿದ. ಮೂರನೇ ಮಡಿಕೆಗೆ ಅದರ ಮೇಲಿನ ಕೆಂಪು ಮೊಹರು ಕಣ್ಣಿಗೆ ಬಿತ್ತು. 'ತುರ್ತು.'

ಒಡೆದು ಓದಿದ.

ವರ್ಷದಲ್ಲಿ ಅರವತ್ತು ಸಲವಾದರೂ ಬಳಕೆಯಾಗದ ಕಡೆ ಯಂತ್ರದ ಸಂಪರ್ಕ ಕಿತ್ತು, ಕೋಣೆಗೆ ಬೀಗ ಹಾಕಿ, ಅದನ್ನು ಬೇಡಿಕೆಯಿರುವ ಪಕ್ಕದ ಊರಿನ ಆಸ್ಪತ್ರೆಗೆ ಕೊಡಲಾಗುವುದು. ಲೆಕ್ಕ ನೋಡಲು ರಾಜಧಾನಿ ಕ್ವಿಟೊದಿಂದ ಅಧಿಕಾರಿ ಬರುತ್ತಾರೆ. ಹದಿನಾಲ್ಕನೇ ತಾರೀಕು, ಮಂಗಳವಾರ, ಸಂಜೆ ನಾಲ್ಕಕ್ಕೆ.

ಗೋಡೆಯ ಕ್ಯಾಲೆಂಡರು ನೋಡಿದ. ಹದಿನಾಲ್ಕು. ಮಂಗಳವಾರ. ಕ್ಯಾಲೆಂಡರಿಗೂ ನಾಚಿಕೆಯಾದಂತೆ ಗಾಳಿಗೆ ಒಂದು ಸಲ ಮುಖ ತಿರುಗಿಸಿತು.

ಯಂತ್ರ ಅಂದರೆ ಕಂಪ್ಯೂಟರೇ. ಆದರೆ ಬರೀ ಕಂಪ್ಯೂಟರ್ ಅಂದರೆ ನಮ್ಮ ಊರಿಗೆ ಅವಮಾನ. ಅದರೊಳಗೆ ಪ್ರಪಂಚದ ವೈದ್ಯರೆಲ್ಲ ಬರೆದ ಸಂಶೋಧನೆಗಳ ಭಂಡಾರ ಇತ್ತು. ಅದಕ್ಕಿಂತ ಹೆಚ್ಚಾಗಿ, ರೋಗ ಹೇಳುವ ಒಂದು ಸಲಕರಣೆ ಇತ್ತು. ಎಲ್ಲಿ ನೋವು, ಎಷ್ಟು ದಿನದಿಂದ, ಜ್ವರ ಇದೆಯೋ ಇಲ್ಲವೋ ಅಂತ ಬರೆದರೆ, ಅಷ್ಟೂ ಪುಸ್ತಕ ಒಳಗೊಳಗೇ ತಿರುವಿಹಾಕಿ, ಇಂಥಿಂಥ ಕಾಯಿಲೆ ಇರಬಹುದು ಅಂತ ಪಟ್ಟಿ ಕೊಡುತ್ತಿತ್ತು. ಅದು ಬಂದ ದಿನ ಬ್ಯಾಂಡಿನವರು ನುಡಿಸಿದರು, ಪಾದ್ರಿಗಳು ತೀರ್ಥ ಚಿಮುಕಿಸಿದರು. ಒಂದು ಹನಿ ಕೀಲಿಮಣೆಯೊಳಗೆ ಇಳಿದು ಅವತ್ತಿನಿಂದ ಒಂದು ಅಕ್ಷರ ಎದ್ದಿಲ್ಲ. ಊರಿನವರು ಅದಕ್ಕೆ ಗಾಜಿನ ಡಾಕ್ಟರಮ್ಮ ಅಂತ ಹೆಸರಿಟ್ಟರು. ಹಬ್ಬಕ್ಕೆ ನೆಂಟರು ಬಂದರೆ ಕಿಟಕಿಯಿಂದ ತೋರಿಸುತ್ತಿದ್ದರು. ಒಳಗೆ ಬಂದು ಬಳಸುವವರು ಮಾತ್ರ ಅಪರೂಪ.

ಅನಿಸೆತೊ ಲೆಕ್ಕದ ಪುಟ ತೆರೆದ. ಈ ವರ್ಷ ಹನ್ನೊಂದು ಸಲ.

ಓಡಿದ. ದೊಡ್ಡ ಡಾಕ್ಟರ್ ಒಬಾಂದೊ ಆಗ ಒಬ್ಬ ಗಾರೆ ಕೆಲಸದವನ ಬೆರಳಿಗೆ ಹೊಲಿಗೆ ಹಾಕುತ್ತಿದ್ದರು.

"ಡಾಕ್ಟ್ರೇ, ಇವತ್ತೊಂದು ದಿನ ಯಂತ್ರದ ಮುಂದೆ ಬಂದು ಕೂತ್ಕೊಳ್ಳಿ. ನಿಮ್ಮ ರೋಗಿಗಳನ್ನೆಲ್ಲ ಅದಕ್ಕೆ ಕೇಳಿ."

"ಮೂವತ್ತು ವರ್ಷದಿಂದ ನಾಲಿಗೆ ನೋಡಿ ರೋಗ ಹೇಳ್ತಿದೀನಿ ಕಣಯ್ಯಾ. ಈಗ ಹೋಗಿ ಗಾಜಿಗೆ ಪಾಠ ಒಪ್ಪಿಸ್ಲಾ?"

"ಅರವತ್ತಾಗದಿದ್ರೆ ಚುಂಬಿಲಾಕ್ಕೆ ಹೋಗುತ್ತಂತೆ."

ಸೂಜಿ ಅಲ್ಲೇ ನಿಂತಿತು. ಬೆರಳು ಕೊಟ್ಟವನೂ ನೋವು ಮರೆತು ತಲೆ ಎತ್ತಿದ. ಚುಂಬಿಲಾ ನಮ್ಮ ಪಕ್ಕದ ಊರು. ಅವರ ಇಗರ್ಜಿಗೆ ಎರಡು ಗೋಪುರ, ನಮ್ಮದಕ್ಕೆ ಒಂದು. ಕಾಲ್ಚೆಂಡಿನಲ್ಲಿ ನಾವು ಅವರನ್ನು ಸೋಲಿಸಿ ಹನ್ನೆರಡು ವರ್ಷವಾಗಿತ್ತು. ಅವರ ಹತ್ತಿರ ಇಲ್ಲದೆ ನಮ್ಮ ಹತ್ತಿರ ಇದ್ದದ್ದು ಇದೊಂದೇ.

"ಚುಂಬಿಲಾಕ್ಕಾ?" ಅಂದರು ದೊಡ್ಡ ಡಾಕ್ಟರು. "ಹೋಗಕೂಡದು. ಹೆಂಗೆ ಅಂತ ನಂಗೊತ್ತಿಲ್ಲ. ಗ್ರಂಥಾಲಯ ನಿಂದು. ಆದ್ರೆ ಹೋಗಕೂಡದು, ಅಷ್ಟೆ." ಮತ್ತೆ ಹೊಲಿಯತೊಡಗಿದರು.

ಕೋಣೆಗೆ ಬಂದು ತಾನೇ ನಲವತ್ತೊಂಬತ್ತು ಸುಳ್ಳು ರೋಗ ಬರೆದು ಕೂತಿದ್ದರೆ ಊಟದ ಹೊತ್ತಿಗೆ ಕೆಲಸ ಮುಗಿಯುತ್ತಿತ್ತು. ಆದರೆ ಅನಿಸೆತೊ ಆ ಥರದವನಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಪುಸ್ತಕವೂ ದಾಖಲೆಯಿಲ್ಲದೆ ಅವನ ಬಾಗಿಲು ದಾಟಿರಲಿಲ್ಲ. ಆ ಕೋಣೆ ಅವನ ಅನ್ನ, ಅವನ ಮರ್ಯಾದೆ. ಹಾಳೆ ತಿನ್ನುವ ಹುಳುಗಳಿಗೂ ಅವನನ್ನು ಕಂಡರೆ ಭಯವಿತ್ತು. ಗೇಟಿನ ಹತ್ತಿರ ಬಂದು, ಹೊಲ ಕೊಯ್ದ ಮೇಲೂ ಯಾರೂ ಕೀಳದೆ ಬಿಟ್ಟ ಬೆದರುಬೊಂಬೆಯ ಹಾಗೆ ನಿಂತ.

ಗೇಟಿನಲ್ಲಿ ಬೇಯಿಸಿದ ಜೋಳ, ಹುರಿದ ಹಂದಿ ಮಾಂಸ ಮಾರುವವಳು ದೋನ್ಯಾ ಸೆನಾಯ್ದಾ. ಅನಿಸೆತೊನ ಮಗಳಿಗೆ ಜ್ಞಾನಸ್ನಾನದ ತಾಯಿಯಾಗಿ ನಿಂತವಳು. ಹಾಗಾಗಿ ಅವನಿಗೆ ಇವಳು ಕೊಮಾದ್ರೆ, ಇವಳಿಗೆ ಅವನು ಕಂಪಾದ್ರೆ.

"ಏನ್ ಕಂಪಾದ್ರೆ, ಮುಖ ಹಿಂಡಿದ ನಿಂಬೆಹಣ್ಣಾಗಿದೆ?"

ಹೇಳಿದ. ಅವಳು ಸೌಟು ಕೆಳಗಿಟ್ಟಳು.

"ರೋಗ ಬೇಕು ಅಷ್ಟೇ ತಾನೆ? ನಲವತ್ತೊಂಬತ್ತು? ಅಯ್ಯೋ ನಿಮ್ಮ! ಈ ಬೀದಿ ಒಂದರಲ್ಲೇ ಅಷ್ಟಿವೆ. ನಿಜವಾದ ರೋಗ, ಕಲಬೆರಕೆ ಇಲ್ಲ. ನಡೀರಿ, ಮೊದಲನೇದು ನಂದೇ ಮಂಡಿ."

ಅನಿಸೆತೊ ಯಂತ್ರದ ಮೇಲಿನ ಕಸೂತಿ ಬಟ್ಟೆ ತೆಗೆದು ಮಡಚಿಟ್ಟ. ಗ್ರಂಥಪಾಲಕನ ಗುಪ್ತಪದ ಒತ್ತಿ ಯಂತ್ರ ತೆರೆದ. ಗಾಜಿನ ಡಾಕ್ಟರಮ್ಮ ಮೊದಲ ಪ್ರಶ್ನೆ ಕೇಳಿದಳು: ರೋಗಿಯ ಹೆಸರು, ಗುರುತು ಚೀಟಿಯ ಸಂಖ್ಯೆ.

"ಕೊಮಾದ್ರೆ, ನಿಮ್ಮ ಪೂರ್ತಿ ಹೆಸರು ಹೇಳಿ."

ದೋನ್ಯಾ ಸೆನಾಯ್ದಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಹೆಸರಾ? ಹೆಸರು ಯಾಕೆ? ನಂಗೆ ಗೊತ್ತಿರೋ ಒಬ್ಬರಿಗೆ ಮಂಡಿ ನೋವು ಅಂತ ಬರೀರಿ."

ಇದು ನಮ್ಮ ಊರಿನ ನಡವಳಿಕೆ. ನಮ್ಮಲ್ಲಿ ಯಾರೂ ಕಾಯಿಲೆಯ ಪಕ್ಕದಲ್ಲಿ ಹೆಸರು ಕೂರಿಸುವುದಿಲ್ಲ. ಕೂರಿಸಿದರೆ ಅದಕ್ಕೆ ಮನೆಯ ದಾರಿ ಗೊತ್ತಾಗುತ್ತದೆ, ಮತ್ತೆ ಎಬ್ಬಿಸುವುದು ಕಷ್ಟ. ನಾಟಿ ವೈದ್ಯೆಯ ಹತ್ತಿರ ಹೋದರೂ ನಂಗೆ ಗೊತ್ತಿರೋ ಒಬ್ಬರಿಗೆ ಅಂತಲೇ ಶುರು ಮಾಡಬೇಕು. ಅವಳೂ ಎದುರಿಗಿರುವವರ ಕಣ್ಣು ರೆಪ್ಪೆ ಎತ್ತಿ ನೋಡುತ್ತಾ, ಆ ಒಬ್ಬರಿಗೆ ಹೀಗೆ ಮಾಡಲು ಹೇಳು ಅನ್ನುತ್ತಾಳೆ. ಆಸ್ಪತ್ರೆಯಲ್ಲೂ ದೊಡ್ಡ ಡಾಕ್ಟರು ಚೀಟಿಯ ಮೇಲೆ ಹೆಸರು ಬರೆಯುವುದಿಲ್ಲ, ಟೋಪಿಯ ಬಣ್ಣ ಬರೆಯುತ್ತಾರೆ.

"ಹೆಸರಿಲ್ಲದಿದ್ರೆ ಇದು ಮುಂದಕ್ಕೇ ಹೋಗಲ್ಲ ಕೊಮಾದ್ರೆ."

"ಹಾಗಾದ್ರೆ ನಿಮ್ಮದೇ ಹಾಕಿ. ಕಲಿತವರಿಗೆ ಏನೂ ಆಗಲ್ಲ."

ಹೊತ್ತು ಹೋಗುತ್ತಿತ್ತು. ಮಂಡಿ ನಿಜ, ನೋವು ನಿಜ, ಹೆಸರು ಬರೀ ಬಾಗಿಲು ತೆರೆಯುವ ಬೀಗದಕೈ ಅಂತ ಅನಿಸೆತೊ ಮನಸ್ಸಿಗೆ ಸಮಾಧಾನ ಹೇಳಿದ. ತನ್ನ ಹೆಸರು, ಸಂಖ್ಯೆ ಒತ್ತಿದ. ಗಂಡಸು, ವಯಸ್ಸು ಐವತ್ತನಾಲ್ಕು ಅಂತ ಯಂತ್ರ ತಾನೇ ತುಂಬಿಕೊಂಡಿತು. ಮಂಡಿಯ ಕಥೆ ಬರೆದ. ಕಣ್ಣು ಮಿಟುಕಿಸುವಷ್ಟರಲ್ಲಿ ಹದಿನಾಲ್ಕು ಕಾಯಿಲೆಗಳ ಪಟ್ಟಿ ಬಂತು.

"ಹದಿನಾಲ್ಕು!" ದೋನ್ಯಾ ಸೆನಾಯ್ದಾ ಕುಂಟುವುದು ಮರೆತು ಎದ್ದು ನಿಂತಳು. "ಒಂದು ಮಂಡಿಗೆ ಹದಿನಾಲ್ಕು! ನಾಟಿ ವೈದ್ಯೆ ಇಷ್ಟು ವರ್ಷ ಬರೀ ಥಂಡಿ ಅಂದ್ಬಿಟ್ಟಿದ್ಲಲ್ಲಾ!"

ಅವಳು ಬೀದಿಗೆ ಹೋದಳು. ಒಂಬತ್ತು ಗಂಟೆಗೆ ಸಾಲು ಎಕ್ಸ್‌ರೇ ಕೋಣೆ ದಾಟಿತ್ತು. ಹತ್ತಕ್ಕೆ ಗೇಟು ದಾಟಿತು. ಸಾಲಿನಲ್ಲಿ ನಿಂತವರಿಗೆ ಹಸಿವಾಗದ ಹಾಗೆ ದೋನ್ಯಾ ಸೆನಾಯ್ದಾಳೇ ಜೋಳದ ಪಾತ್ರೆ ಹೊತ್ತು ಓಡಾಡುತ್ತಿದ್ದಳು. ಯಾರೂ ಬಾಗಿದ ಬೆನ್ನಿನಲ್ಲಿ ಬಂದಿರಲಿಲ್ಲ. ಇಸ್ತ್ರಿ ಮಾಡಿದ ಪೊಂಚೊ ಹೊದಿಕೆ, ಭಾನುವಾರದ ಟೋಪಿ. ಚುಂಬಿಲಾದ ಮೇಲೆ ಯುದ್ಧಕ್ಕೆ ಹೊರಟ ಹಾಗೆ ಒಬ್ಬೊಬ್ಬರೂ ತಮ್ಮ ಕಾಯಿಲೆ ಹಿಡಿದುಕೊಂಡು ಬಂದಿದ್ದರು.

ಕ್ಷೌರಿಕ ಡಾನ್ ಕಸ್ಮೀರೊ ಕೂತ. "ನಂಗೆ ಗೊತ್ತಿರೋ ಒಬ್ಬರಿಗೆ ಕಿವಿಯಲ್ಲಿ ಗುಂಯ್ ಅನ್ನುತ್ತೆ."

"ಯಾವಾಗಿಂದ?"

"ಹೆಂಡತಿ ತವರಿಂದ ವಾಪಸ್ ಬಂದಾಗಿಂದ."

ಯಂತ್ರ ಮೂರೇ ಮೂರು ಕಾಯಿಲೆ ಕೊಟ್ಟಿತು. ಡಾನ್ ಕಸ್ಮೀರೊನ ಮುಖ ಬಿದ್ದು ಹೋಯಿತು.

"ಮೂರಾ? ಜೋಳ ಮಾರೋಳ ಮಂಡಿಗೆ ಹದಿನಾಲ್ಕು, ನನ್... ಆ ಒಬ್ಬರ ಕಿವಿಗೆ ಮೂರಾ? ಇನ್ನೊಂದ್ಸಲ ಕೇಳಿ. ತಲೆನೂ ತಿರುಗುತ್ತೆ ಅನ್ನಿ."

"ತಿರುಗುತ್ತಾ?"

"ಈಗ ತಿರುಗ್ತಿದೆ!"

ಅವನನ್ನು ಸಾಲಿನ ಕೊನೆಗೆ ಕಳಿಸಿದರು. ಅಲ್ಲಿಂದ ಶುರುವಾಯಿತು ಪೈಪೋಟಿ. ಹೊರಗೆ ಬಂದವರನ್ನು ಎಲ್ಲರೂ ಕೇಳುವುದು ಒಂದೇ: ಎಷ್ಟು ಬಂತು? ಹತ್ತಕ್ಕಿಂತ ಮೇಲೆ ಬಂದವರು ಟೋಪಿ ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು ನಡೆದರು. ಐದರ ಕೆಳಗೆ ಬಂದವರು ಹಿತ್ತಿಲ ಬಾಗಿಲಿನಿಂದ ಹೋದರು.

ಒಬ್ಬಳು ಅಜ್ಜಿ ಆರು ತಿಂಗಳ ಮೊಮ್ಮಗನನ್ನು ಹೊತ್ತು ತಂದಳು. ರಾತ್ರಿಯೆಲ್ಲ ಅಳು, ಬಾಯಲ್ಲಿ ಜೊಲ್ಲು, ಸಿಕ್ಕಿದ ಕುರ್ಚಿ ಮೇಜು ಎಲ್ಲ ಕಚ್ಚುತ್ತದೆ. ಅನಿಸೆತೊ ಹಾಗೇ ಬರೆದ. ಇನ್ನೊಬ್ಬಳು ಅತ್ತೆ, ಸೊಸೆಯನ್ನು ಹೊರಗೇ ನಿಲ್ಲಿಸಿ ಬಂದು, ಆ ಒಬ್ಬಳಿಗೆ ಮೂರು ತಿಂಗಳಿಂದ ಬೆಳಿಗ್ಗೆ ಎದ್ದರೆ ವಾಂತಿ, ಹುಣಸೆಹಣ್ಣು ಕಂಡರೆ ಬಿಡುವುದಿಲ್ಲ ಅಂದಳು. ಯಂತ್ರ ಬಹಳ ಹೊತ್ತು ಯೋಚಿಸಿತು. ಆಮೇಲೆ, ಈ ರೋಗಿಯನ್ನು ಹಿರಿಯ ತಜ್ಞರಿಗೆ ತೋರಿಸಿ ಅಂದಿತು. ಅತ್ತೆ ಹೊರಗೆ ಹೋಗಿ, "ನನ್ನ ಸೊಸೆ ಸಾಮಾನ್ಯದವಳಲ್ಲ, ಅವಳಿಗೆ ತಜ್ಞರೇ ಬೇಕಂತೆ," ಅಂತ ಎರಡು ಸಲ ಸಾರಿದಳು.

ಕತ್ತೆ ಹಿಡಿದುಕೊಂಡು ಬಂದವನೊಬ್ಬನಿದ್ದ. ಹಿಂಗಾಲು ಎತ್ತುವುದಿಲ್ಲ ಅಂತ.

"ಪ್ರಾಣಿಗೆ ಆಗಲ್ಲಪ್ಪಾ. ಲೆಕ್ಕ ಶುದ್ಧವಾಗಿರಬೇಕು," ಅಂದ ಅನಿಸೆತೊ.

"ಅದಕ್ಕೂ ನೋವಾಗುತ್ತಲ್ಲ ಸ್ವಾಮಿ."

"ಆಗುತ್ತೆ. ಆದ್ರೆ ಆಗಲ್ಲ."

"ಹಂಗಾದ್ರೆ ಅದು ಒದ್ದ ನನ್ನ ಸೊಂಟ ತಗೊಳ್ಳಿ."

ಸೊಂಟ ತೆಗೆದುಕೊಂಡ. ನಾಯಿಕೆಮ್ಮು ತೆಗೆದುಕೊಂಡ. ಕೆನ್ನೆ ಬಾವು, ಉಗುರುಸುತ್ತು, ಕನಸಿನಲ್ಲಿ ಓಡುವುದು, ಗಂಡ ಸತ್ತ ಮೇಲೆ ನಗು ಬಾರದಿರುವುದು, ಗಂಡ ಬದುಕಿದ್ದೂ ನಗು ಬಾರದಿರುವುದು, ಎಲ್ಲ ತೆಗೆದುಕೊಂಡ. ಒಂದಕ್ಕೂ ಒಂದು ಅಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ. ಪ್ರತಿ ಸಲ ಮೇಲೆ ತನ್ನ ಹೆಸರು ಒತ್ತುವಾಗ ಬೆರಳು ಒಂದು ಗಳಿಗೆ ತಡೆಯುತ್ತಿತ್ತು, ಅಷ್ಟೆ.

ಮೂರೂವರೆಗೆ ಸಾಲು ಕರಗಿತು. ಎಲ್ಲರೂ ತಮ್ಮ ತಮ್ಮ ಪಟ್ಟಿ ಮನೆಯವರಿಗೆ ತೋರಿಸಲು ಹೋಗಿಬಿಟ್ಟಿದ್ದರು. ಅನಿಸೆತೊ ಲೆಕ್ಕ ನೋಡಿದ. ಐವತ್ತೊಂಬತ್ತು.

ಬಾಗಿಲಿಗೆ ಓಡಿದ. ಗೇಟಿನಲ್ಲಿ ನರಪಿಳ್ಳೆ ಇರಲಿಲ್ಲ. ಕೂಗಿದ, ಗಾಳಿ ಕೂಗನ್ನು ಎತ್ತಿಕೊಂಡು ಚುಂಬಿಲಾದ ಕಡೆಗೇ ಹೋಯಿತು. ದೂರದ ತಿರುವಿನಲ್ಲಿ ಸರ್ಕಾರದ ಬಿಳಿ ಜೀಪಿನ ಧೂಳು ಎದ್ದಿತು. ಅವನ ಎದೆ ಡೋಲಿನಂತೆ ಬಡಿಯಿತು, ಕೈ ನಡುಗಿತು, ಬೆಳಗಿನಿಂದ ಹೊಟ್ಟೆಗೆ ಒಂದು ಕಾಳೂ ಬಿದ್ದಿರಲಿಲ್ಲ. ಆಗ ಹೊಳೆಯಿತು. ಇದೂ ಕಾಯಿಲೆಯೇ ತಾನೆ?

ಕೂತು ಬರೆದ. ಎದೆ ಬಡಿತ, ನಡುಕ, ಬೆವರು, ಕಣ್ಣು ಮುಚ್ಚಿದರೆ ಅರವತ್ತು ಎಂಬ ಸಂಖ್ಯೆ ಕಾಣುತ್ತದೆ. ಈ ಒಂದರ ಮೇಲೆ ಮಾತ್ರ ಹೆಸರು ಸರಿಯಾಗಿತ್ತು. ಯಂತ್ರ ಕೆಂಪು ಅಕ್ಷರದಲ್ಲಿ ಉತ್ತರ ಕೊಟ್ಟಿತು: ರೋಗಿಯನ್ನು ಒಂಟಿಯಾಗಿ ಬಿಡಬೇಡಿ.

ಅರವತ್ತು. ಅನಿಸೆತೊ ಆ ಗಾಜಿಗೆ ಮುತ್ತಿಟ್ಟ.

ಜೀಪು ಬಂದ ಸುದ್ದಿಗೆ ಊರೇ ಮತ್ತೆ ಹರಿದು ಬಂತು. ಇಳಿದವರು ಕ್ವಿಟೊದ ಅಧಿಕಾರಿ, ಡಾಕ್ಟರಮ್ಮ ಅಲ್ಬುಹಾ. ಬಿಳಿ ಕೂದಲು, ದಪ್ಪ ಕನ್ನಡಕ, ಮೆತ್ತಗೆ ಮಾತು. ಸುತ್ತ ಇಪ್ಪತ್ತು ಊರು ನೋಡಿ ಬಂದಿದ್ದರು. ಲೆಕ್ಕದ ಪುಟ ತೆರೆದವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಅರವತ್ತು," ಅಂದರು. "ಇಷ್ಟು ಕಡೆ ಹೋಗಿದ್ದೆ. ಇಲ್ಲೊಂದೇ ಕಡೆ ಉಪಯೋಗ ಆಗ್ತಿದೆ. ಯಂತ್ರ ಇಲ್ಲೇ ಇರುತ್ತೆ."

ಮೊಹರು ಬಿತ್ತು. ಟೋಪಿಗಳು ಮೇಲಕ್ಕೆ ಹಾರಿದವು. ದೊಡ್ಡ ಡಾಕ್ಟರು, ಎಲ್ಲ ತಮ್ಮದೇ ಯೋಜನೆ ಎಂಬಂತೆ, ಬಂದು ಕೈ ಕುಲುಕಿದರು. ಡಾನ್ ಕಸ್ಮೀರೊ ಅತ್ತೇಬಿಟ್ಟ. ಸಾನ್ ಇಲಾರಿಯೊ ಅಂಥ ಸಂಜೆ ಹನ್ನೆರಡು ವರ್ಷದಿಂದ ಕಂಡಿರಲಿಲ್ಲ.

ಡಾಕ್ಟರಮ್ಮ ಪುಟಗಳನ್ನು ತಿರುಗಿಸುತ್ತಲೇ ಇದ್ದರು. ಅವರ ಮುಖದಿಂದ ನಗು ನಿಧಾನವಾಗಿ ಇಳಿಯಿತು.

"ಅನಿಸೆತೊ ಗುವಮಾನ್ ಅಂದ್ರೆ ಯಾರು?"

"ನಾನೇ ಡಾಕ್ಟ್ರಮ್ಮಾ!" ಎದೆ ಉಬ್ಬಿಸಿ ಮುಂದೆ ಬಂದ.

ಅವರು ತಟ್ಟನೆ ಎದ್ದು ತಮ್ಮ ಕುರ್ಚಿ ಅವನಿಗೆ ಬಿಟ್ಟರು. "ಕೂತ್ಕೊಳ್ಳಪ್ಪಾ. ನಿಧಾನ. ನಿಧಾನ." ಕೈ ಹಿಡಿದು ನಾಡಿ ನೋಡಿದರು. ನಾಡಿ ಕುದುರೆಯಂತೆ ಓಡುತ್ತಿತ್ತು. "ಇವತ್ತು ಒಂದೇ ದಿನ ನಲವತ್ತೊಂಬತ್ತು ಸಲ ಕೇಳಿದೀಯ. ಪಾಪ. ಎಷ್ಟು ಹೆದರಿದ್ದೀಯೋ ಏನೋ. ಯಾರಿಗೂ ಹೇಳ್ಕೊಳ್ಲಿಲ್ವಾ?"

ಅನಿಸೆತೊ ಕುರ್ಚಿಯ ತುದಿಯಲ್ಲಿ ಕೂತ. ಅವರು ಪುಟದ ಮೇಲೆ ಬೆರಳಿಟ್ಟು ಓದಿದರು.

"ಮಂಡಿ ನೋವು. ಕಿವಿಯಲ್ಲಿ ಸದ್ದು. ನಾಯಿಕೆಮ್ಮು. ರಾತ್ರಿಯೆಲ್ಲ ಅಳು, ಜೊಲ್ಲು..." ಅವರು ದನಿ ತಗ್ಗಿಸಿದರು. "ಕುರ್ಚಿ ಮೇಜು ಕಚ್ಚುವುದು."

ಜನ ಅನಿಸೆತೊನನ್ನು ನೋಡಿದರು. ಅನಿಸೆತೊ ಜನವನ್ನು ನೋಡಿದ. ಒಬ್ಬರು, ಒಬ್ಬರೇ ಒಬ್ಬರು ಮುಂದೆ ಬಂದು, ಆ ಮಂಡಿ ನಂದು, ಆ ಕಿವಿ ನಂದು ಅಂದಿದ್ದರೆ ಸಾಕಿತ್ತು. ದೋನ್ಯಾ ಸೆನಾಯ್ದಾ ಶಾಲಿನ ಅಂಚು ನೋಡಿಕೊಂಡಳು. ಡಾನ್ ಕಸ್ಮೀರೊಗೆ ಆ ಗಳಿಗೆಯಲ್ಲಿ ಕಿವಿಯೇ ಕೇಳಿಸಲಿಲ್ಲ. ಹೆಸರು ಕೊಡುವುದೆಂದರೆ ಹೆಸರು ಕೊಡುವುದೇ.

"ಇದೆಲ್ಲಾ ನಿಜವಾ?" ಅಂತ ಕೇಳಿದರು ಡಾಕ್ಟರಮ್ಮ. "ಯಾಕಂದ್ರೆ ಸುಳ್ಳು ಬರೆದಿದ್ರೆ ಇದ್ಯಾವುದೂ ಲೆಕ್ಕಕ್ಕೆ ಬರಲ್ಲ. ಹನ್ನೊಂದೇ ಉಳಿಯೋದು."

ಆಗ ಅನಿಸೆತೊ ಹೊರಗೆ ನಿಂತ ಊರನ್ನು ಇನ್ನೊಂದು ಸಲ ನೋಡಿದ. ಗಾಳಿಗೆ ಹಾರಿದ ಟೋಪಿಗಳನ್ನು ಇನ್ನೂ ಹುಡುಕುತ್ತಿದ್ದವರನ್ನು, ಮೊಮ್ಮಗನನ್ನು ಎತ್ತಿ ತೋರಿಸುತ್ತಿದ್ದ ಅಜ್ಜಿಯನ್ನು. ಬೆನ್ನು ನೆಟ್ಟಗೆ ಮಾಡಿದ. ನಮ್ಮ ಊರಿನಲ್ಲಿ ಯಾರೂ ಅವತ್ತಿನವರೆಗೆ ಹೇಳದ ಮಾತು ಹೇಳಿದ.

"ನಿಜ ಡಾಕ್ಟ್ರಮ್ಮಾ. ಎಲ್ಲಾ ನಂದೇ."

"ಎಲ್ಲಾನಾ?"

"ಒಂದೂ ಬಿಡದೆ."

"ಮೂರು ತಿಂಗಳಿಂದ ಬೆಳಗಿನ ವಾಂತಿ? ಹುಣಸೆಹಣ್ಣು?"

"ಹೌದು," ಅಂದ ಅನಿಸೆತೊ, ತಲೆ ಬಗ್ಗಿಸದೆ.

ಜನರೊಳಗಿಂದ ಒಂದು ನಿಟ್ಟುಸಿರು ಎದ್ದಿತು. ದೊಡ್ಡ ಡಾಕ್ಟರು ತಮ್ಮ ಟೋಪಿ ತೆಗೆದು ಎದೆಗೆ ಹಿಡಿದರು. ಏನಾದರೂ ಹೇಳಬೇಕೆಂದು ಅವರ ಬಾಯಿ ಎರಡು ಸಲ ತೆರೆಯಿತು. ಚುಂಬಿಲಾ ನೆನಪಾಗಿ ಎರಡು ಸಲ ಮುಚ್ಚಿತು.

ಡಾಕ್ಟರಮ್ಮ ಅಲ್ಬುಹಾ ತಡಮಾಡಲಿಲ್ಲ. ಅಲ್ಲೇ ಕೂತು ಎರಡು ಕಾಗದ ಬರೆದರು. ಒಂದು, ರೋಗಿಯನ್ನು ಗುರುವಾರದೊಳಗೆ ಕ್ವಿಟೊದ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಎಲ್ಲ ಪರೀಕ್ಷೆ ಮುಗಿಯುವ ತನಕ ಕೆಲಸಕ್ಕೆ ಹಾಜರಾಗಕೂಡದು. ಎಷ್ಟು ದಿನ ಅಂತ ದೊಡ್ಡ ಡಾಕ್ಟರು ಕೇಳಿದರು. ಒಂದೊಂದು ಕಾಯಿಲೆಗೆ ಒಂದೊಂದು ವಾರ ಅಂದುಕೊಳ್ಳಿ ಅಂದರು ಅವರು. ಎರಡನೇ ಕಾಗದ: ನಾಯಿಕೆಮ್ಮು, ಕೆನ್ನೆ ಬಾವು, ಹೆಸರು ಗೊತ್ತಿಲ್ಲದ ಇನ್ನೂ ನಾಲ್ಕು ಅಂಟುಜಾಡ್ಯ ಇರುವ ರೋಗಿ ಇಡೀ ದಿನ ಮುಟ್ಟಿದ ಕೀಲಿಮಣೆ ಇದು. ಹಾಗಾಗಿ ಅವನು ಗುಣವಾಗಿ ಬರುವ ತನಕ ಯಾರೂ ಒಳಗೆ ಹೋಗಬಾರದು.

ಅವತ್ತೇ ಸಂಜೆ, ಬೆಳಕಿರುವಾಗಲೇ, ಗ್ರಂಥಾಲಯದ ಕೋಣೆಗೆ ಬೀಗ ಬಿತ್ತು. ಬೀಗದ ಮೇಲೆ ಸರ್ಕಾರದ ಕಾಗದ ಅಂಟಿಸಿದರು. ಬೀಗ ಹಾಕಿದವನು ಅನಿಸೆತೊನೇ. ಬೇರೆ ಯಾರಿಗೂ ಆ ಬಾಗಿಲನ್ನು ಎಷ್ಟು ಎತ್ತಿ ಎಳೆಯಬೇಕು ಅಂತ ಗೊತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ಬಟ್ಟೆ ಗಂಟು ಕಟ್ಟುತ್ತಾ ಎರಡು ದಿನ ಮಾತಾಡಲಿಲ್ಲ. ಕೊನೆಗೆ ಒಂದೇ ಮಾತು ಅಂದಳು: "ಮೂರು ತಿಂಗಳಾಯ್ತಂತೆ. ಊರಿಗೆಲ್ಲ ಗೊತ್ತಾದ ಮೇಲೆ ನಂಗೆ ಗೊತ್ತಾಗ್ಬೇಕಾ?"

ಬಸ್ಸಿನ ಹತ್ತಿರ ಇಡೀ ಊರು ಬಂದಿತ್ತು. ಬ್ಯಾಂಡಿನವರೂ ಬಂದಿದ್ದರು. ಐವತ್ತು ಕಾಯಿಲೆಗೆ ಒಂದೇ ಕಮ್ಮಿ ಇಟ್ಟುಕೊಂಡು ತನ್ನ ಕಾಲ ಮೇಲೆ ನಡೆದು ಬಸ್ಸು ಹತ್ತುವ ಗಂಡಸು ಚುಂಬಿಲಾದಲ್ಲಿದ್ದಾನಾ ಅಂತ ಡ್ರೈವರನಿಗೆ ಡಾನ್ ಕಸ್ಮೀರೊ ಸವಾಲು ಹಾಕುತ್ತಿದ್ದ. ದೋನ್ಯಾ ಸೆನಾಯ್ದಾ ಬಿಸಿ ಜೋಳದ ಪೊಟ್ಟಣ ಕಿಟಕಿಯಿಂದ ಕೊಟ್ಟು, ಕೈ ಬಿಡದೆ, ಬಾಯಿ ಹತ್ತಿರ ತಂದಳು.

"ಕಂಪಾದ್ರೆ, ಅಲ್ಲಿ ದೊಡ್ಡ ಡಾಕ್ಟ್ರುಗಳು ನಿಮ್ಮ ಮಂಡಿ ನೋಡಿದ್ರೆ, ಯಾವ ಎಣ್ಣೆ ತಿಕ್ಕಬೇಕು ಅಂತ ಸರಿಯಾಗಿ ಕೇಳ್ಕೊಂಡು ಬನ್ನಿ. ಎಡಗಡೇದು. ಮರೀಬೇಡಿ."

ಅವಳ ಹಿಂದೆ ಸಾಲು ನಿಂತಿತ್ತು. ಒಬ್ಬೊಬ್ಬರೂ ಕಿಟಕಿಯ ಹತ್ತಿರ ಬಂದು, ಅತ್ತ ಇತ್ತ ನೋಡಿ, ಕಿವಿಯಲ್ಲಿ ಒಂದೊಂದು ಮಾತು ಹೇಳಿ ಹೋದರು. ಅನಿಸೆತೊ ಎಲ್ಲಕ್ಕೂ ತಲೆ ಆಡಿಸಿ, ಜೇಬಿನಿಂದ ಪೆನ್ಸಿಲು ತೆಗೆದು, ಹೆಸರು ಹಾಕದೆ ಬರೆದುಕೊಂಡ.

ಗುರುವಾರ, ಜುಲೈ ಹದಿನಾರು, ಬೆಳಗಿನ ಮೊದಲ ಬಸ್ಸಿಗೆ, ನಲವತ್ತೆಂಟು ಜನರ ಕಾಯಿಲೆ ಮತ್ತು ತನ್ನದೊಂದನ್ನು ಹೊತ್ತುಕೊಂಡು ಅನಿಸೆತೊ ಗುವಮಾನ್ ಸಾನ್ ಇಲಾರಿಯೊದಿಂದ ಹೊರಟ.